ಡಬ್ಬಿ ಹಾಲಿನ ಕೂಸುಗಳು

ಹೋಗಬಾರದು ಎಂದು ಬೆಳಿಗ್ಗೆ ಎದ್ದಾಗಲೇ ಏವಿಸ್‌ಗೆ ಅನ್ನಿಸಿತ್ತು. ಹಾಗೆ ಅನ್ನಿಸಿದ ಮೇಲೆ ಹೋಗದೆ ಇರುವುದು ಅವಳಿಂದ ಆಗದ ಮಾತು. ಅರವತ್ತೆರಡು ವರ್ಷ ತನ್ನ ಜೊತೆಗೇ ಬಾಳಿದವಳಿಗೆ ತನ್ನ ಈ ಚಾಳಿ ಚೆನ್ನಾಗಿ ಗೊತ್ತಿತ್ತು. ಮಾರ್ಚ್ ತಿಂಗಳ ಶನಿವಾರ. ಅಂಗಳದ ಹಿಮ ಅರ್ಧ ಕರಗಿ, ಉಳಿದರ್ಧ ನಾಯಿಗಳ ಕಾಲ್ತುಳಿತಕ್ಕೆ ಸಿಕ್ಕಿ ಹೊಲಸಾಗಿ ಬಿದ್ದಿತ್ತು. ಅಡುಗೆಮನೆಯಲ್ಲಿ ಅಮ್ಮ ಆಗಲೇ ಕಾಫಿ ಬಗ್ಗಿಸಿಕೊಂಡು ಕೂತಿದ್ದಳು. ಎಂಬತ್ತನಾಲ್ಕರ ಥೋರಾಗೆ ನಡೆಯಲು ವಾಕರ್ ಬೇಕು, ಮಾತಿಗೆ ಯಾವ ಆಸರೆಯೂ ಬೇಡ. ಮಗಳು ಕೋಟಿನ ತೋಳಿಗೆ ಕೈ ತೂರಿಸುವುದನ್ನು ನೋಡಿ, ಬಟ್ಟಲಿನೊಳಕ್ಕೆ ಹೇಳಿದಂತೆ ಕೇಳಿದಳು:

"ಮತ್ತೆ ಆ ಹಳೇ ಕಾಗದದ ಸಂತೆಗೇನೆ?"

"ಹೌದಮ್ಮ. ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ."

"ಇನ್ನೂ ಎಷ್ಟು ಬೇಕು ನಿಂಗೆ?"

"ಒಂದೇ ಒಂದು."

"ಹೋದ ವರ್ಷಾನೂ ಒಂದೇ ಒಂದು ಅಂದೆ. ಮೂವತ್ತು ತಂದೆ."

ಅಮ್ಮನ ಊಟ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಬೇಕು, ಬಾಗಿಲು ತೆಗೆದು ಹೊರಗೆ ಬರಬಾರದು, ಜಾರುತ್ತದೆ, ಎಂದು ಪ್ರತಿಸಲ ಹೇಳುವುದನ್ನೇ ಹೇಳಿ ಏವಿಸ್ ಹೊರಬಿದ್ದಳು. ಹಜಾರ ದಾಟುವಾಗ ಎರಡೂ ಗೋಡೆಗಳಿಂದ ಕೂಸುಗಳು ಅವಳನ್ನು ನೋಡಿ ನಕ್ಕವು. ಗುಂಡುಗುಂಡಾದ, ಕೆನ್ನೆ ಕೆಂಪಾದ, ಒಂದೇ ಒಂದು ಹಲ್ಲಿನ ಕೂಸುಗಳು. ಒಂದು ಕೂಸು ಸಿಪಾಯಿ ಟೋಪಿ ಹಾಕಿಕೊಂಡು ಸಲಾಮು ಹೊಡೆಯುತ್ತಿತ್ತು. ಒಂದು ತನಗಿಂತ ದೊಡ್ಡ ಹಾಲಿನ ಡಬ್ಬಿಯನ್ನು ತಬ್ಬಿಕೊಂಡಿತ್ತು. ಎಲ್ಲವೂ ಯುದ್ಧಕಾಲದ, ಸಾವಿರದ ಒಂಬೈನೂರ ನಲವತ್ತೆರಡರಿಂದ ನಲವತ್ತೈದರವರೆಗಿನ ಪತ್ರಿಕೆಗಳ ಜಾಹೀರಾತಿನ ಹಾಳೆಗಳು; ಬೆನ್ನಿನ ಹೊಲಿಗೆಯಿಂದ ಬ್ಲೇಡಿನಲ್ಲಿ ಬಿಡಿಸಿ, ಹಿಂದೆ ರಟ್ಟು ಕೊಟ್ಟು, ಗಾಜು ಹಾಕಿಸಿದವು. ಒಟ್ಟು ನಾನೂರ ಹನ್ನೊಂದು. ಗೋಡೆಯಲ್ಲಿ ಜಾಗ ಮುಗಿದ ಮೇಲಿನವು ಮಂಚದ ಕೆಳಗಿನ ಪೆಟ್ಟಿಗೆಗಳಲ್ಲಿದ್ದವು. ಗಂಡ ಡೇಲ್ ಹನ್ನೊಂದು ವರ್ಷ ಇದ್ದು ಬಿಟ್ಟುಹೋಗುವಾಗ ಇದೇ ಹಜಾರದಲ್ಲಿ ನಿಂತು, "ಗೋಡೆ ಮೇಲೆ ಇಷ್ಟು ಮಕ್ಕಳು, ಮನೇಲಿ ಒಂದಿಲ್ಲ, ಭೇಷ್" ಎಂದಿದ್ದ. ಒಳ್ಳೆಯ ಮನುಷ್ಯನೇ. ತನಗೆ ಮಗು ಯಾಕೆ ಬೇಡವೆಂದು ಅವನಿಗೆ ಒಂದು ಸಲವಾದರೂ ಹೇಳಬಹುದಿತ್ತು.

ಊರ ಹೊರಗಿನ ರಸ್ತೆಗೆ ಬಿದ್ದ ಮೇಲೆ ಎದೆ ಸ್ವಲ್ಪ ಹಗುರಾಯಿತು. ವಿಸ್ಕಾನ್ಸಿನ್ನಿನ ಈ ಭಾಗದಲ್ಲಿ ಎತ್ತ ನೋಡಿದರೂ ಹಸುವಿನ ಕೊಟ್ಟಿಗೆಗಳೇ. ಸಂತೆಯಲ್ಲಿ ಹಳೇ ಹಾಳೆಗಳನ್ನು ಮಾರುವ ಮರ್ಲಿನ್ ಬುಧವಾರ ಫೋನು ಮಾಡಿ, "ನೀವು ಹೇಳ್ತಿದ್ರಲ್ಲ, ಎತ್ತರದ ಕುರ್ಚಿ, ಅಪ್ಪನ ಫೋಟೋ, ಅದು ಸಿಕ್ಕಿದೆ ಅನ್ಸುತ್ತೆ" ಎಂದಿದ್ದ. ಅನ್ನಿಸುತ್ತದೆ ಎಂದು ಅವನು ಹಿಂದೆಯೂ ಮೂರು ಸಲ ಹೇಳಿದ್ದ. ಮೂರು ಸಲವೂ ಕುರ್ಚಿ ಇತ್ತು, ಫೋಟೋ ಇರಲಿಲ್ಲ. ಆದರೂ ಬುಧವಾರದಿಂದ ಅವಳಿಗೆ ಊಟ ರುಚಿಸಿರಲಿಲ್ಲ. ಉಳಿದ ನಾನೂರ ಹನ್ನೊಂದೂ ಈ ಒಂದನ್ನು ಹುಡುಕುವಾಗ ಕೈಗೆ ಸಿಕ್ಕಿದವು, ಅಷ್ಟೆ. ಜನ ಅವಳನ್ನು ಸಂಗ್ರಾಹಕಿ ಎನ್ನುತ್ತಿದ್ದರು. ಒಮ್ಮೆ ಜಿಲ್ಲೆಯ ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋಗಿ, 'ಯುದ್ಧಕಾಲದ ನಗುವನ್ನು ಕಾಪಿಟ್ಟ ಮಹಿಳೆ' ಎಂದು ಹಾಕಿದ್ದರು. ಅಂಚೆ ಕಚೇರಿಯಲ್ಲಿ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ಅದನ್ನು ಕತ್ತರಿಸಿ ಗಲ್ಲಾದ ಗಾಜಿಗೆ ಅಂಟಿಸಿದಾಗ ಅವಳಿಗೆ ಬಟ್ಟೆ ಬಿಚ್ಚಿ ನಿಲ್ಲಿಸಿದಂತಾಗಿತ್ತು.

ಅವಳು ಹುಡುಕುತ್ತಿದ್ದ ಹಾಳೆ ಯುದ್ಧದ ಕಾಲದಲ್ಲಿ, ನ್ಯೂ ಆರ್ಡಲ್ ಊರಿನಲ್ಲಿ, ದಿನಸಿ ಅಂಗಡಿಯ ಮೇಲಿನ ಅವರ ಬಾಡಿಗೆ ಕೋಣೆಗಳಲ್ಲಿ, ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಎತ್ತರದ ಮರದ ಕುರ್ಚಿಯಲ್ಲಿ ಕೂಸು. ಹಿಂದೆ ಗೋಡೆಯ ಮೇಲೆ ನೌಕಾಪಡೆಯ ಉಡುಪಿನ ಅಪ್ಪನ ಫೋಟೋ. ಮುಂದೆ ಸಿಲ್ವರ್ ಮೆಡೋ ಹಾಲಿನ ನೀಲಿ ಡಬ್ಬಿ. ಇಸವಿ ನಲವತ್ತಮೂರು, ಜೂನ್. ಏವಿಸ್‌ಗೆ ಒಂಬತ್ತು. ಅಪ್ಪ ನಿಜಕ್ಕೂ ಹಡಗಿನ ಮೇಲಿದ್ದ, ಎಲ್ಲಿ ಎಂದು ಕಾಗದದಲ್ಲಿ ಬರೆಯುವ ಹಾಗಿರಲಿಲ್ಲ. ಅಮ್ಮ ಊರಾಚೆಯ, ಹಾಲನ್ನು ಗಟ್ಟಿಯಾಗಿ ಬತ್ತಿಸಿ ಡಬ್ಬಿಗೆ ತುಂಬುವ ಕಾರ್ಖಾನೆಗೆ ಸೇರಿದ್ದಳು. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಐದು. ಅಲ್ಲಿನ ಹಾಲು ಬಹುಪಾಲು ಸೈನ್ಯಕ್ಕೆ. ಊರಿನವರಿಗೆ ಪಡಿಚೀಟಿಯ ಮೇಲೆ ಇಷ್ಟೇ ಡಬ್ಬಿ. ಐದು ತಿಂಗಳ ತಂಗಿ ಯೂನಿಸ್ ಇಡೀ ದಿನ ಏವಿಸ್‌ಳ ಕೈಯಲ್ಲಿ. ಶಾಲೆಗೆ ರಜೆ. ಏವಿಸ್ ಮುಕ್ಕಾಲಿ ಎಳೆದು ಅದರ ಮೇಲೆ ಹತ್ತಿ, ಡಬ್ಬಿಯ ಮುಚ್ಚಳಕ್ಕೆ ಎದುರುಬದುರು ಎರಡು ತೂತು ಹೊಡೆದು, ಪಾತ್ರೆಗೆ ಸುರಿದು, ಮುಚ್ಚಳ ಕತ್ತರಿಸಿದ ಇನ್ನೊಂದು ಖಾಲಿ ಡಬ್ಬಿಯಿಂದ, ಕಾಯಿಸಿ ಆರಿಸಿದ ನೀರು ಅಳೆದು ಹಾಕಿ, ಜೋಳದ ಪಾಕ ಎರಡು ಚಮಚ ಬೆರೆಸಿ, ಬಾಟಲಿಗಳಿಗೆ ತುಂಬಿಡುತ್ತಿದ್ದಳು. ಎಷ್ಟು ಡಬ್ಬಿ ನೀರು ಎನ್ನುವುದು ಆ ಹಾಳೆಯ ಕೆಳಗಿತ್ತು. ಮುಕ್ಕಾಲಿಯ ಮೇಲೆ ನಿಂತರೆ ಅದು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಅವಳು ಮೂರು ಡಬ್ಬಿ ಹಾಕುತ್ತಿದ್ದಳು. ಮೂರು ಎಂದು ಹಾಳೆಯಲ್ಲಿತ್ತು. ಇತ್ತು, ಇರಲೇಬೇಕು. ಅಂಚೆ ಕಚೇರಿಗೆ ಸೇರಿದ ಮೇಲೆ ಒಂದು ದಿನ ಊರಿನ ದಾದಿಯೊಬ್ಬಳು ಗಲ್ಲಾದ ಮುಂದೆ ಹಳೆಯ ಕಾಲದ ಮಾತೆತ್ತಿ, ಆಗೆಲ್ಲ ಒಂದು ಡಬ್ಬಿ ಹಾಲಿಗೆ ಒಂದೂವರೆ ನೀರು ಹಾಕಿ ಅಂತ ತಾಯಂದಿರಿಗೆ ಹೇಳಿಕೊಡ್ತಿದ್ವಿ ಎಂದಳು. ಒಂದೂವರೆ. ಏವಿಸ್ ಆ ದಿನ ಉಳಿದ ಅಂಚೆಚೀಟಿಗಳಿಗೆಲ್ಲ ಮುದ್ರೆಯನ್ನು ತಲೆಕೆಳಗಾಗಿ ಒತ್ತಿ ಬೈಸಿಕೊಂಡಳು. ಮುಂದಿನ ಭಾನುವಾರವೇ ಮೊದಲ ಸಲ ಹಳೇ ಕಾಗದದ ಸಂತೆಗೆ ಹೋದದ್ದು.

ಅಚ್ಚಾದ ಹಾಳೆಯಲ್ಲೇ ಮೂರು ಎಂದಿದ್ದರೆ ತಪ್ಪು ಹಾಳೆಯದು. ಹಾಗಿದ್ದರೆ ತಾನು ಕುಡಿದ ಆ ಎರಡು ಗುಟುಕು ಯಾವ ಲೆಕ್ಕ? ಕಾರು ಓಡಿಸುತ್ತಲೇ ಏವಿಸ್ ತನ್ನ ಮನಸ್ಸು ಮತ್ತೆ ಅಲ್ಲಿಗೇ ಬಂದು ನಿಂತದ್ದನ್ನು ಕಂಡು, ರೇಡಿಯೊ ಹಾಕಿ, ಕೂಡಲೇ ಆರಿಸಿದಳು. ತೂತು ಹೊಡೆದ ಕೂಡಲೇ ಡಬ್ಬಿಗೆ ಬಾಯಿಟ್ಟು ಎರಡು ಗುಟುಕು. ಮೊದಲ ದಿನ ಬೆರಳಿಗೆ ಅಂಟಿದ್ದನ್ನು ನೆಕ್ಕಿದ್ದು, ಅಷ್ಟೆ. ದಪ್ಪಗೆ, ಕೆನೆಗೆ ಸುಟ್ಟ ಸಕ್ಕರೆ ಬೆರೆತ ಹಾಗೆ ಇತ್ತು. ಆ ಬೇಸಿಗೆಯಲ್ಲಿ ಅವಳಿಗೆ ಯಾವಾಗಲೂ ಹಸಿವು. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮತ್ತೆ ಬ್ರೆಡ್ಡು. ಎರಡು ಗುಟುಕು ಕುಡಿದು, ಕಡಿಮೆಯಾದಷ್ಟಕ್ಕೆ ನೀರು ಸೇರಿಸಿ, ಯೂನಿಸ್‌ಗೆ ಕುಡಿಸಿ, ಅವಳು ಬಾಟಲಿ ಖಾಲಿ ಮಾಡಿ ಇನ್ನೂ ಚಪ್ಪರಿಸುತ್ತಿದ್ದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ಆಗಸ್ಟ್‌ನಲ್ಲಿ ಯೂನಿಸ್‌ಗೆ ಭೇದಿ ಹತ್ತಿತು. ಡಾಕ್ಟರು ಬಂದು ಮಗುವಿನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, "ಇದರಲ್ಲಿ ತಡ್ಕೊಳ್ಳೋ ಕಸುವೇ ಇಲ್ಲ" ಎಂದರು. ನಾಲ್ಕನೆಯ ದಿನ ಮುಗಿಯಿತು. ಬೇಸಿಗೆಯಲ್ಲಿ ಹೀಗೆ ಹೋಗುವ ಕೂಸುಗಳು ಆಗ ಬಹಳ. ಯಾರೂ ಏನೂ ಕೇಳಲಿಲ್ಲ. ಚರ್ಚಿನ ಹೆಂಗಸರು ಮುಚ್ಚಿದ ಪಾತ್ರೆಗಳಲ್ಲಿ ಊಟ ತಂದು, "ಎಷ್ಟು ಚೆನ್ನಾಗಿ ನೋಡ್ಕೊಂಡ್ಳು ಪಾಪ, ಪುಟ್ಟ ತಾಯಿ" ಎಂದು ಏವಿಸ್‌ಳ ತಲೆ ಸವರಿದರು. ಅವರು ತಂದ ಊಟವನ್ನು ಅವಳು ಹೊಟ್ಟೆ ಬಿರಿಯ ತಿಂದಳು. ಅದು ಈಗಲೂ ನೆನಪಿದೆ.

ಜಾತ್ರೆ ಮೈದಾನದ ತಗಡಿನ ಕಟ್ಟಡದಲ್ಲಿ, ಆಗಸ್ಟಿನ ಜಾತ್ರೆಯಲ್ಲಿ ಹಂದಿ, ಕರುಗಳನ್ನು ಕಟ್ಟುವ ಜಾಗದಲ್ಲೇ, ಮೇಜುಗಳನ್ನು ಸಾಲಾಗಿ ಹಾಕಿದ್ದರು. ಒಳಗೆ ಹಳೇ ಕಾಗದದ ಹುಳಿ ವಾಸನೆ, ಅದರಡಿಯಲ್ಲಿ ಹಂದಿಗಳದ್ದು. ಎಲ್ಲರೂ ಅವಳಿಗೆ ಗೊತ್ತು, ಅವಳು ಎಲ್ಲರಿಗೂ ಗೊತ್ತು. ಕಾರಿನ ಜಾಹೀರಾತುಗಳವನ ಮೇಜು ದಾಟುವಾಗ ಅವನು ಎಂದಿನಂತೆ ಗಟ್ಟಿಯಾಗಿ ಕೂಗಿದ:

"ಬಂದ್ರಪ್ಪ ನಮ್ಮ ಡಬ್ಬಿ ಹಾಲಮ್ಮ! ಏನ್ರೀ ಏವಿಸ್, ಈ ವಯಸ್ಸಿಗೂ ಹಾಲು ಬಿಡಿಸಿಲ್ವಾ ನಿಮಗೆ?"

ಸುತ್ತಲಿನ ನಾಲ್ಕಾರು ಜನ ನಕ್ಕರು. ಏವಿಸ್ ಕೂಡ ನಕ್ಕಳು. ನಗದಿದ್ದರೆ ಇನ್ನೊಂದು ಮಾತು ಬರುತ್ತಿತ್ತು. ಮೇಲ್ತುಟಿಯನ್ನು ಕೈಯ ಹಿಂಬದಿಯಿಂದ ಒರೆಸಿಕೊಂಡಳು, ಯಾಕೆಂದು ತಿಳಿಯಲಿಲ್ಲ. ನಕ್ಕದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮರ್ಲಿನ್‌ನ ಮೇಜು ತಲುಪುವವರೆಗೂ ಕೊರೆಯಿತು.

ಮರ್ಲಿನ್ ದಪ್ಪ ಮನುಷ್ಯ, ಬೆರಳು ಮಾತ್ರ ದರ್ಜಿಯವನ ಬೆರಳು. ಇಡೀ ಪತ್ರಿಕೆಯನ್ನು ಕೊಳ್ಳುವವರಿಲ್ಲ, ಬಿಡಿಸಿದ ಹಾಳೆಗೆ ಗಿರಾಕಿ ಎನ್ನುವುದು ಅವನ ಲೆಕ್ಕಾಚಾರ; ವಾರಕ್ಕೆ ನಲವತ್ತು ಪತ್ರಿಕೆಗಳ ಬೆನ್ನು ಸೀಳುತ್ತಿದ್ದ. ಕಾರು, ಸಿಗರೇಟು, ಸೋಪು, ಸೂಪು ಎಂದು ಪೆಟ್ಟಿಗೆ ಪೆಟ್ಟಿಗೆಗಳಲ್ಲಿ ಹಾಳೆಗಳು ನಿಂತಿರುತ್ತಿದ್ದವು. ಏವಿಸ್‌ಗಾಗಿ ಒಂದನ್ನು ಬೇರೆ ಇಟ್ಟಿದ್ದ, ಮೇಜಿನ ಕೆಳಗೆ.

"ಕೂತ್ಕೊಳ್ಳಿ ಮೊದ್ಲು" ಎಂದ. "ನಿಮ್ಮ ಮುಖ ನೋಡಿದ್ರೆ ನಂಗೆ ಭಯ ಆಗುತ್ತೆ."

"ತೆಗೀರಿ ಮರ್ಲಿನ್, ಆಟ ಆಡ್ಸಬೇಡಿ."

"ಇದು ಸಿಗೋದು ಕಷ್ಟ ಕಣ್ರೀ. ಆ ತಿಂಗಳ ಸಂಚಿಕೆ ಎಲ್ಲೂ ಇಲ್ಲ. ಆ ವರ್ಷ ಶಾಲೆ ಹುಡುಗ್ರು ಮನೆಮನೆ ತಿರುಗಿ ರದ್ದಿ ಎತ್ತಿದ್ರಲ್ಲ, ಯುದ್ಧಕ್ಕೆ ಅಂತ. ಎಲ್ಲಾನೂ ಹೊತ್ಕೊಂಡು ಹೋಗಿ ಸುರಿದು ಬಂದ್ರು. ಹಾಳಾದ ಹುಡುಗ್ರು, ಚಿನ್ನದಂಥ ಕಾಗದ."

ಆ ಹಾಳಾದ ಹುಡುಗರಲ್ಲೊಬ್ಬಳಾದ ಏವಿಸ್‌ಗೆ ತೋಳಿಗೆ ಕಟ್ಟುವ ಬಟ್ಟೆಯ ಪಟ್ಟಿ ಬಹುಮಾನ ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದ ವಾರವೇ. ಕೈಗಾಡಿಯಲ್ಲಿ ಅವಳು ತಂದಷ್ಟು ರದ್ದಿಯನ್ನು ತರಗತಿಯಲ್ಲಿ ಇನ್ಯಾರೂ ತಂದಿರಲಿಲ್ಲ. ಅಮ್ಮ ಕಟ್ಟಿಟ್ಟಿದ್ದ ಪತ್ರಿಕೆಗಳ ಕಂತೆಯ ಮೇಲೆ, ಯಾರೂ ಹೇಳದಿದ್ದರೂ, ಮುಕ್ಕಾಲಿ ಹತ್ತಿ ಮೊಳೆಯಿಂದ ಕಿತ್ತ ಆ ಹಾಳೆಯನ್ನೂ ಮಡಿಸಿ ಇಟ್ಟಿದ್ದಳು. ಮಾರನೆಯ ದಿನದಿಂದ ಆ ಗೋಡೆಯನ್ನು ನೋಡಬೇಕಾಗಿರಲಿಲ್ಲ. ಅಮ್ಮ ಸಂಜೆ ಬಂದು ಬರಿ ಮೊಳೆ ನೋಡಿ ಏನೂ ಕೇಳಲಿಲ್ಲ. ಮೇಷ್ಟರು ಹೆಸರು ಕೂಗಿ ಪಟ್ಟಿ ಕಟ್ಟಿದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷದಿಂದ ಅವಳು ಹುಡುಕುತ್ತಿದ್ದದ್ದು ತಾನೇ ಕೊಟ್ಟು ಬಹುಮಾನ ಪಡೆದದ್ದನ್ನು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ, ನಗಬೇಕಾದ್ದೇ.

ಮರ್ಲಿನ್ ಹಾಳೆಯನ್ನು ಹೊರತೆಗೆದು ಎರಡೂ ಅಂಗೈ ಮೇಲೆ ಚಾಚಿದ. ಅದೇ. ಕಣ್ಣಿಗೆ ಬಿದ್ದ ಕೂಡಲೇ ಗುರುತು ಹತ್ತಿತು. ಕುರ್ಚಿಯ ಕಾಲಿನ ಕೆಂಪು, ಅಪ್ಪನ ಫೋಟೋದ ಓರೆ ಚೌಕಟ್ಟು, ಕೂಸಿನ ಎಡಗೈಯಲ್ಲಿ ಚಮಚ. ಚಮಚ ಅವಳಿಗೆ ಮರೆತೇಹೋಗಿತ್ತು. ಬಣ್ಣ ಮಾಸಿರಲಿಲ್ಲ, ಒಲೆಯ ಹೊಗೆ ಇಲ್ಲ, ಮೊಳೆಯ ತೂತಿಲ್ಲ. ಇದು ಬೇರೆ ಯಾರದೋ ಮನೆಯಲ್ಲಿ, ಬೇರೆ ಯಾರದೋ ಅಟ್ಟದ ಮೇಲೆ, ಐವತ್ತಮೂರು ವರ್ಷ ಏನೂ ಆಗದೆ ಸುಮ್ಮನೆ ಮಲಗಿತ್ತು. ಅವಳ ಕಣ್ಣು ತಡೆದು ತಡೆದು ಕೆಳಗಿಳಿಯಿತು. ಸೈನಿಕರಿಗೂ ಸಿಲ್ವರ್ ಮೆಡೋ, ನಿಮ್ಮ ಪುಟಾಣಿಗೂ ಸಿಲ್ವರ್ ಮೆಡೋ. ಅದರ ಕೆಳಗೆ ಸಣ್ಣಕ್ಷರದ ಒಂದು ಸಾಲು: ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ನಿಮ್ಮ ಡಾಕ್ಟರನ್ನು ಕೇಳಿ. ಅದರ ಕೆಳಗೆ ಎರಡು ಬೆರಳಗಲ ಬಿಳಿ ಅಂಚು. ಅಷ್ಟೆ.

ಉಳಿದ ನಾನೂರ ಹನ್ನೊಂದರಲ್ಲೂ ಇದೇ ಸಾಲು ಇದೆ. ಅಳತೆಯನ್ನು ಡಾಕ್ಟರೇ ಹೇಳಬೇಕು, ಜಾಹೀರಾತಿನಲ್ಲಿ ಹಾಕುವ ಹಾಗಿಲ್ಲ ಎನ್ನುವುದು ಆ ಕಾಲದ ಪದ್ಧತಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಸಂಗ್ರಾಹಕರಿಗೆ ಅವಳೇ ಹೇಳಿಕೊಟ್ಟಿದ್ದಳು. ಆದರೆ ಈ ಒಂದು ಬೇರೆ, ಇದರಲ್ಲಿ ತಪ್ಪಿ ಬಂದುಬಿಟ್ಟಿದೆ ಎಂದು ಮೂವತ್ತು ವರ್ಷ ನಂಬಿದ್ದಳು. ಯಾಕೆಂದರೆ ತಾನೇ ನೋಡಿದ್ದೇನಲ್ಲ, ಕಣ್ಣಾರೆ, ಆ ಬಿಳಿ ಅಂಚಿನಲ್ಲಿ. ಈಗ ಆ ಖಾಲಿ ಅಂಚನ್ನು ನೋಡುತ್ತಾ ನೋಡುತ್ತಾ, ಕಣ್ಣಾರೆ ನೋಡಿದ್ದು ಪೆನ್ಸಿಲ್ಲಿನದು ಎಂದು ಹೊಳೆಯಿತು. ಅಮ್ಮನ ಮೊಂಡು ಪೆನ್ಸಿಲ್. ಕೆಲಸಕ್ಕೆ ಸೇರಿದ ದಿನ ಬೆಳಿಗ್ಗೆ ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು, ಅವಸರದಲ್ಲಿ, ಗೋಡೆಗೆ ಒತ್ತಿ ಬರೆದದ್ದು. 'ಹಾಲು ಒಂದು ಡಬ್ಬಿ, ನೀರು' ಎಂದು. ಆಮೇಲೆ ಏನು? ಅದು ಬೇರೆ ಯಾವ ಪ್ರತಿಯಲ್ಲೂ ಇರುವುದು ಸಾಧ್ಯವಿಲ್ಲ. ಲೋಕದಲ್ಲಿ ಆ ಹಾಳೆ ಒಂದೇ ಇದ್ದದ್ದು, ಅದನ್ನು ಅವಳು ರದ್ದಿಗೆ ಹಾಕಿದ್ದಳು.

"ಅದೇನಾ?" ಎಂದ ಮರ್ಲಿನ್.

"ಅದೇ."

"ಮತ್ತೆ ಖುಷಿ ಪಡ್ರೀ! ಸತ್ತೋರ ಮನೆಗೆ ಬಂದೋರ ಹಾಗೆ ನಿಂತಿದೀರಲ್ಲ. ನಾನು ಒಂದು ಮುತ್ತಾದ್ರೂ ಸಿಗುತ್ತೆ ಅಂದ್ಕೊಂಡಿದ್ದೆ."

ಅವಳು ಅವನ ಕೈ ಕುಲುಕಿ, ಹಣ ಕೊಟ್ಟು, ಹಾಳೆಯನ್ನು ರಟ್ಟಿನ ನಡುವೆ ಇಡಿಸಿಕೊಂಡು ಹೊರಬಂದಳು. ಬೇಡ ಎನ್ನಲು ನಾಲಿಗೆ ಬರಲಿಲ್ಲ. ಅಷ್ಟು ಪ್ರೀತಿಯಿಂದ ಹುಡುಕಿದವನಿಗೆ ಬೇಡ ಎನ್ನುವುದು ಹೇಗೆ? ಕಾರಿನಲ್ಲಿ ಕೂತು, ಮನೆಯಿಂದ ತಂದಿದ್ದ ಹಂದಿ ಮಾಂಸದ ಸ್ಯಾಂಡ್‌ವಿಚ್ ಬಿಚ್ಚಿ, ಒಂದು ತುತ್ತು ಕಚ್ಚಿ, ಕಾಗದದೊಳಕ್ಕೇ ಉಗಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಕೇಳಲು ಒಬ್ಬಳೇ ಒಬ್ಬಳು ಉಳಿದಿದ್ದಾಳೆ, ಅವಳು ಮನೆಯಲ್ಲಿ ಕೂತು ತಣ್ಣಗಿನ ಊಟವನ್ನು ಬಿಸಿ ಮಾಡದೆ ತಿನ್ನುತ್ತಿದ್ದಾಳೆ ಎನ್ನುವುದು ಮಾತ್ರ ಮನಸ್ಸಿನಲ್ಲಿ ಕಲ್ಲಿನ ಹಾಗೆ ಕೂತಿತು. ಆರು ವರ್ಷದಿಂದ ಒಂದೇ ಸೂರಿನಡಿ ಇದ್ದಾರೆ. ಅಮ್ಮ ಬಂದ ದಿನ, ನಿನ್ನ ಕೋಣೆಯಲ್ಲಿರೋ ಚಿತ್ರಗಳನ್ನ ತೆಗೆದುಬಿಡ್ಲಾ ಎಂದು ಏವಿಸ್ ಕೇಳಿದಾಗ, "ಇರ್ಲಿ ಬಿಡು, ಅವೂ ಇರ್ಲಿ" ಎಂದಿದ್ದಳು. ಯೂನಿಸ್ ಎಂಬ ಹೆಸರನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಸಮಾಧಿಗೆ ವರ್ಷಕ್ಕೊಮ್ಮೆ ಹೋಗಿ, ಹೂವಿಟ್ಟು, ಹವೆಯ ಮಾತಾಡಿ ಬರುತ್ತಿದ್ದರು.

ಮನೆಗೆ ಬಂದಾಗ ಅಮ್ಮ ಮೇಜಿನ ಮುಂದೆಯೇ ಇದ್ದಳು, ಊಟ ಮುಗಿದಿತ್ತು, ತಟ್ಟೆ ತೊಳೆದಿಟ್ಟಿದ್ದಳು. ಏವಿಸ್ ಕೋಟು ಬಿಚ್ಚಲಿಲ್ಲ. ಬಿಚ್ಚಿದರೆ ಧೈರ್ಯ ಹೋಗುತ್ತದೆ ಎನ್ನಿಸಿತು. ರಟ್ಟು ಸರಿಸಿ ಹಾಳೆಯನ್ನು ಮೇಜಿನ ಮೇಲೆ, ಅಮ್ಮನಿಗೆ ನೇರವಾಗುವ ಹಾಗೆ ಇಟ್ಟಳು.

ಅಮ್ಮ ಕನ್ನಡಕ ಸರಿಮಾಡಿಕೊಂಡಳು.

"ಇದು ನಮ್ಮ ಮನೇದು" ಎಂದಳು. "ಒಲೆ ಪಕ್ಕದ್ದು."

"ಹೂಂ."

"ಇದನ್ನೂ ತಂದ್ಬಿಟ್ಯಾ ಕೊನೇಗೆ." ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದಿಂದ ಬರಬೇಕಾಗಿದ್ದ ನೆಂಟರು ಬಂದರು ಎನ್ನುವ ಹಾಗಿತ್ತು. "ಎಲ್ಲಿ ಹಾಕ್ತೀಯ? ನನ್ನ ಮಂಚದ ಎದುರಿಗಾ?"

"ಯಾಕಮ್ಮ ಹಾಗಂತೀಯಾ?"

"ಮತ್ತೇನೆ? ಆರು ವರ್ಷ ಆಯ್ತು ನೋಡ್ತಾ. ಎದ್ರೆ ಮಗು, ಕೂತ್ರೆ ಮಗು. ಮೆಟ್ಟಿಲ ಹತ್ರ ಮಗು. ಬಚ್ಚಲಲ್ಲೂ ಒಂದು, ಟೋಪಿ ಹಾಕ್ಕೊಂಡು. ಬಾಯಿಬಿಟ್ಟು ಒಂದು ಮಾತು ಅನ್ಲಿಲ್ಲ ನೀನು, ಗೋಡೆ ತುಂಬ ಹಾಕಿ ಇಟ್ಟೆ. ನಂಗೆ ಅರ್ಥ ಆಗಲ್ಲ ಅಂದ್ಕೊಂಡ್ಯಾ? ಆಯ್ತು, ನೋಡ್ತೀನಿ, ನೋಡ್ಲೇಬೇಕಾದ್ದೇ ಅಂತ ಸುಮ್ನಿದ್ದೆ."

ಏವಿಸ್‌ಗೆ ಕಾಲಡಿಯ ನೆಲ ಇನ್ನೂ ಕಾರಿನ ಹಾಗೆ ಓಡುತ್ತಿದೆ ಅನ್ನಿಸಿತು. ನಿನ್ನನ್ನ ಚುಚ್ಚೋಕಲ್ಲಮ್ಮ, ನಿನಗಾಗಿ ಅಲ್ಲ ಎನ್ನಬೇಕಿತ್ತು. ಅಮ್ಮನ ಕಡೆಯಿಂದ ತಾನು ಒಮ್ಮೆಯೂ ಆ ಗೋಡೆಗಳನ್ನು ನೋಡಿರಲಿಲ್ಲ ಎನ್ನುವುದು ಆಗ ಗೊತ್ತಾಯಿತು. ಬಾಯಿಂದ ಬಂದದ್ದು ಬೇರೆ ಮಾತು, ಮೂವತ್ತು ವರ್ಷ ಕೇಳಲು ಕಾದಿದ್ದು, ಕೇಳುವ ಹೊತ್ತು ಇದಲ್ಲ ಎಂದು ಗೊತ್ತಿದ್ದೂ ಬಂದುಬಿಟ್ಟಿತು:

"ಇದರ ಕೆಳಗೆ ಪೆನ್ಸಿಲ್ಲಲ್ಲಿ ಬರೆದಿದ್ಯಲ್ಲಮ್ಮ. ನೀರು ಎಷ್ಟು ಅಂತ. ಎಷ್ಟು ಬರೆದಿದ್ದೆ?"

ಅಮ್ಮ ಬಿಳಿ ಅಂಚಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆದಳು.

"ಮೂರು" ಎಂದಳು. "ದಾದಿ ಒಂದೂವರೆ ಅಂದಿದ್ಲು. ಚೀಟಿಗೆ ಬರೋ ಡಬ್ಬಿ ವಾರಕ್ಕೆ ಸಾಕಾಗ್ತಿರ್ಲಿಲ್ಲ, ಮೇಲೆ ಕೊಳ್ಳೋಕೆ ದುಡ್ಡಿರ್ಲಿಲ್ಲ. ಸ್ವಲ್ಪ ದಿನ, ಅಪ್ಪನ ದುಡ್ಡು ಬರೋ ತನಕ, ಅಂದ್ಕೊಂಡೆ. ಮೂರು ಅಂತ ನಾನೇ ಬರೆದೆ. ಸಾಕಾ? ಅದೇ ತಾನೇ ನಿಂಗೆ ಬೇಕಾಗಿದ್ದು?"

ಅದೇ ಬೇಕಾಗಿದ್ದು. ಅಷ್ಟು ಸಲೀಸಾಗಿ ಸಿಕ್ಕಿಬಿಟ್ಟಿತು. ಏವಿಸ್ ಕೋಟಿನ ಗುಂಡಿಯನ್ನು ತಿರುವುತ್ತಾ, ಈಗ ಎದೆಯ ಮೇಲಿನದು ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಕಾದಳು. ಅಮ್ಮ ನಿಜ ಹೇಳಿದಳೋ, ಮಗಳಿಗೆ ಬೇಕಾದ್ದನ್ನು ಎತ್ತಿ ಕೊಟ್ಟುಬಿಟ್ಟಳೋ, ತಿಳಿಯುವ ಉಪಾಯವೇ ಇರಲಿಲ್ಲ. ಎದುರಿಗೆ ಕೂತ ಮುದುಕಿ ಬೆರಳನ್ನು ಇನ್ನೂ ಆ ಅಂಚಿನ ಮೇಲೇ ಇಟ್ಟುಕೊಂಡಿದ್ದಳು. ಇಷ್ಟನ್ನು ಹೊರಿಸಲು ಇವಳೇ ಬೇಕಾಗಿತ್ತೇ ಎಂದು ತನ್ನ ಮೇಲೆ ಹೇಸಿಗೆಯಾಯಿತು.

"ನಾನು ಕುಡೀತಿದ್ದೆ ಅಮ್ಮ" ಎಂದಳು. ದನಿ ಒಂಬತ್ತು ವರ್ಷದವಳದಾಗಿ ಹೊರಬಂತು, ಅದಕ್ಕೂ ನಾಚಿಕೆಯಾಯಿತು. "ಅವಳ ಹಾಲು. ಡಬ್ಬಿಗೇ ಬಾಯಿಟ್ಟು. ದಿನಾ. ಕುಡಿದು ನೀರು ಹಾಕಿಡ್ತಿದ್ದೆ."

"ಗೊತ್ತಿತ್ತು."

"ಏನು?"

"ಗೊತ್ತಿತ್ತು ಕಣೆ. ಮೇಲ್ತುಟಿ ಮೇಲೆ ಬೆಳ್ಳಗೆ ಒಣಗಿರ್ತಿತ್ತು. ಸರಿಯಾಗಿ ಒರೆಸ್ಕೊಳ್ಳೋಕೂ ಬರ್ತಿರ್ಲಿಲ್ಲ ನಿಂಗೆ."

ಐವತ್ತಮೂರು ವರ್ಷ ಅವಳು ಹೊತ್ತು ತಿರುಗಿದ ಗುಟ್ಟು, ಗಂಡನಿಗೆ ಹೇಳದ್ದು, ಪಾದ್ರಿಗಳ ಮುಂದೆ ಬಾಯಿವರೆಗೆ ಬಂದು ನುಂಗಿದ್ದು, ಮೊದಲ ದಿನದಿಂದಲೇ ಗುಟ್ಟಾಗಿರಲಿಲ್ಲ. ಒಬ್ಬಳು ನೋಡಿದ್ದಳು. ನೋಡಿ, ತಲೆಯ ಬಟ್ಟೆ ಬಿಚ್ಚಿ, ಕೈ ತೊಳೆದು, ಊಟಕ್ಕೆ ಕೂತಿದ್ದಳು. ಏವಿಸ್‌ಗೆ ಮೊದಲ ಸಲ ಸಿಟ್ಟು ಬಂತು, ಎಲ್ಲಿಂದಲೋ ಉಕ್ಕಿ ಬಂತು.

"ಗೊತ್ತಿದ್ದೂ ಸುಮ್ನಿದ್ಯಾ? ಒಂದು ಏಟು ಹಾಕಬಾರ್ದಿತ್ತೇನಮ್ಮ? ಒಂದೇ ಒಂದು! ಚಿಕ್ಕೋಳು ನಾನು. ಒಂದು ಏಟು ಬಿದ್ದಿದ್ರೆ ನಿಲ್ಲಿಸಿಬಿಡ್ತಿದ್ದೆ. ಅವಳು..."

ಅಮ್ಮ ಹಾಳೆಯನ್ನು ಮೆಲ್ಲಗೆ ತಿರುಗಿಸಿ, ಕೂಸಿನ ಮುಖ ಮೇಜಿನ ಕಡೆ ಆಗುವಂತೆ ಮಗುಚಿ ಇಟ್ಟಳು.

"ದಿನಾ ಅಂದ್ಕೊಂಡೇ ಬರ್ತಿದ್ದೆ" ಎಂದಳು. "ಇವತ್ತು ಹಿಡಿದು ಬಾರಿಸ್ತೀನಿ ಅಂತ. ದಾರಿಯುದ್ದಕ್ಕೂ. ಹತ್ತು ಗಂಟೆ ಆ ಡಬ್ಬಿ ಎತ್ತಿ ಎತ್ತಿ ಇಟ್ಟು, ಅಂಗಡಿ ಮೆಟ್ಟಿಲು ಹತ್ತಿ ಬರೋ ಹೊತ್ಗೆ ಕೈ ಮೇಲಕ್ಕೇ ಏಳ್ತಿರ್ಲಿಲ್ಲ ಕಣೆ ಏವಿಸ್. ನಾಳೆ ಹೊಡೆಯೋಣ ಅಂತ ಬಿಡ್ತಿದ್ದೆ. ನಿನ್ನ ಕೆನ್ನೆ ತನಕಾನೂ ಬರ್ತಿರ್ಲಿಲ್ಲ ಕೈ. ಕೆನ್ನೆ ಆದ್ರೂ ಎಷ್ಟೆತ್ತರ ಇತ್ತು ಆಗ?"

ಅಮ್ಮ ಕುರ್ಚಿಯಲ್ಲೇ ಪಕ್ಕಕ್ಕೆ ವಾಲಿ, ನೆಲದಿಂದ ಇಷ್ಟೆತ್ತರ ಎಂದು ಗಾಳಿಯಲ್ಲಿ ಅಂಗೈಯನ್ನು ಹಿಡಿದು ತೋರಿಸಿದಳು. ತೋರಿಸಿದ ಮೇಲೂ ತೆಗೆಯಲಿಲ್ಲ. ಒಂಬತ್ತು ವರ್ಷದ ಹುಡುಗಿಯ ಕೆನ್ನೆ ಇರುವ ಜಾಗದಲ್ಲಿ ಆ ಕೈ ತೆರೆದುಕೊಂಡು ಹಾಗೆಯೇ ಇತ್ತು. ಹೊಡೆಯಲು ಎತ್ತಿದ್ದೋ ಸವರಲು ಚಾಚಿದ್ದೋ ಏವಿಸ್‌ಗೆ ತಿಳಿಯಲಿಲ್ಲ. ಬಗ್ಗಿದರೆ ತನ್ನ ಮುಖ ಅಲ್ಲಿಗೆ ಸಿಗುತ್ತದೆ ಎನ್ನುವುದು ಗೊತ್ತಿತ್ತು. ಕೋಟು ಹಾಕಿಕೊಂಡೇ, ಎರಡು ಹೆಜ್ಜೆ ದೂರದಲ್ಲಿ, ಅವಳು ನೋಡುತ್ತಾ ನಿಂತಳು. ಬಗ್ಗಲು ಆಗಲಿಲ್ಲ.